ಒಂದೇ ಭ್ರೂಣದ ನಾಲ್ಕು ಬಸಿರು

ನಾನು ಕಣ್ಣಾರೆ ಕಂಡದ್ದನ್ನಷ್ಟೇ ಹೇಳುತ್ತೇನೆ. 1991ರಲ್ಲಿ ಗೋರೆಗಾಂವ್‌ನ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ಎಮ್ಮೆಯ ಒಂದೇ ಭ್ರೂಣದಿಂದ ನಾಲ್ಕು ಕೋಶ ಬಿಡಿಸಿ, ತಿರುಳು ತೆಗೆದ ನಾಲ್ಕು ಅಂಡಗಳೊಳಗೆ ಇಟ್ಟು, ಸಣ್ಣ ಕರೆಂಟು ಹಾಯಿಸಿ ಬೆಸೆದು, ಇನ್ನೂ ಈಯದ ನಾಲ್ಕು ಎಮ್ಮೆಗಳ ಗರ್ಭಕ್ಕೆ ಸೇರಿಸಿದೆವು. ಮೂರು ಎಮ್ಮೆಗಳಲ್ಲಿ ಬಸಿರು ಎರಡು ತಿಂಗಳೂ ನಿಲ್ಲಲಿಲ್ಲ. ನಾಲ್ಕನೆಯದು ಕರು ಹಾಕಿತು, ಆದರೆ ಆ ತಾಯಿಗೆ ಹಾಲೇ ಇಳಿಯಲಿಲ್ಲ. ಡೇರಿ ಹಾಲಿನ ಬಾಟಲಿಯನ್ನು ಕರು ಮೂಸಲೂ ಇಲ್ಲ.

"ಇದನ್ನ ಸಾಯಾಕ ಬಿಡಾಂಗಿಲ್ರೀ ಅಕ್ಕಾರ," ಎಂದ ಕೊಟ್ಟಿಗೆ ನೋಡಿಕೊಳ್ಳುವ ವಿಜಾಪುರದ ಗೌಸ.

"ಬಿಡೋರು ಯಾರಪ್ಪಾ? ಹಾಲಲ್ಲಿ ಬೆರಳದ್ದಿಯಾದ್ರೂ ಚೀಪಿಸ್ತೀನಿ."

ಕರುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತೆ. ಮಧ್ಯಾಹ್ನ ಅದು ಒಮ್ಮೆ ಕೂಗಿತು. ಆಚೆ ಕಟ್ಟಿದ್ದ, ಬಸಿರು ನಿಲ್ಲದ ಮೂರೂ ಎಮ್ಮೆಗಳು ಒಟ್ಟಿಗೆ ಹಿಂದಕ್ಕೆ ತಿರುಗಿ, ಏನೂ ಇಲ್ಲದ ಜಾಗವನ್ನು ನೆಕ್ಕತೊಡಗಿದವು. ಅವುಗಳ ಕೆಚ್ಚಲ ಬಳಿಯಿಂದ ಚಪಚಪ ಚೀಪುವ ಸದ್ದು ಕೇಳಿತು.

ಗೌಸ ಹೋಗಿ ಕೆಚ್ಚಲು ಮುಟ್ಟಿದ. "ಹಾಲೈತ್ರೀ! ಈಯದ ಎಮ್ಮಿಗೆ ಹಾಲೆಲ್ಲಿಂದ ಬಂತು?"

"ಆಮೇಲೆ ಕೇಳುವೆಯಂತೆ. ಮೊದಲು ಹಾಲು ಕರಿ!"

ಆ ಹಾಲನ್ನು ಕರು ಗಟಗಟ ಕುಡಿಯಿತು, ಬದುಕಿತು. ಮೂರು ತಿಂಗಳು ಹಾಗೇ ಸಾಕಿದೆವು. ಆದರೆ ಪ್ರತಿದಿನ ನಾವು ಕರೆಯಲು ಹೋಗುವ ಹೊತ್ತಿಗೆ, ಮೂರೂ ಎಮ್ಮೆಗಳ ಒಂದೊಂದು ತೊಟ್ಟು ಬರಿದಾಗಿ, ಬಿಸಿ ನೊರೆ ಹತ್ತಿರುತ್ತಿತ್ತು. ನಮ್ಮ ಕರುವನ್ನು ಬೇರೆ ಕೋಣೆಯಲ್ಲಿ ಕಟ್ಟುತ್ತಿದ್ದೆವು.