ಸೋಮವಾರದ ಮೌನ

"ಇವತ್ತು ನಿನ್ನ ಬಾಯಿಂದ ಒಂದು ಮಾತು ಹೊರಗ ಬಿತ್ತಂದ್ರ ನನ್ನ ಮಗಳ ಬಾಳು ಮಣ್ಣಪಾಲಾತು ಅಂತ ತಿಳ್ಕೊ!"

ಸೊಸೆಯ ಸೀರೆಯ ನೆರಿಗೆಗಳನ್ನು ಬಿಗಿಯಾಗಿ ಸಿಕ್ಕಿಸುತ್ತಾ ಮಹಾಂತಮ್ಮ ಹೇಳಿದ ಮಾತಿದು. ಹೇಮಾವತಿ ಉಸಿರು ಬಿಗಿಹಿಡಿದು ನಿಂತಿದ್ದಳು. ಜರಿಯ ಅಂಚು ಸೊಂಟವನ್ನು ಗರಗಸದಂತೆ ಕೊಯ್ಯುತ್ತಿತ್ತು. ಹಳೆಯ ಮೆತ್ತನೆಯ ಹತ್ತಿ ಸೀರೆ ಉಡುತ್ತೇನೆಂದು ಬೆಳಿಗ್ಗೆ ಅಂಗಲಾಚಿ ಕೇಳಿದ್ದಳು. ಬೀಗರೆದುರು ಮನೆಯ ಮಾನ ಕಳೆಯುತ್ತೀಯಾ ಎಂದು ಅತ್ತೆ ಗದರಿದ್ದಳು. ಅಲ್ಲಿಗೆ ಮಾತು ಮುಗಿದಿತ್ತು.

ಆದೋನಿಯ ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯ ಆ ಮನೆಯಲ್ಲಿ ಅಂದು, ಸೋಮವಾರ, ಮಗಳು ಮಹಾಲಕ್ಷ್ಮಿಯ ಸಕ್ಕರೆ ಶಾಸ್ತ್ರ. ಪೆದ್ದಕಡುಬೂರಿನಿಂದ ಗಂಡೊಬ್ಬನನ್ನು ಬಿಟ್ಟು ಗಂಡಿನ ಕಡೆಯವರು ಬರುವವರಿದ್ದರು. ಹೆಣ್ಣಿನ ತಾಯಿಯೂ ಗಂಡಿನ ತಾಯಿಯೂ ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕಿದರೆ ಸಂಬಂಧ ಗಟ್ಟಿಯಾದಂತೆ; ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಹಾಕುವ ತನಕ ಮಾತ್ರ ಹೆಣ್ಣು ಹೆತ್ತವಳು ಜೀವ ಕೈಯಲ್ಲಿ ಹಿಡಿದಿರಬೇಕು. ಅದರಲ್ಲೂ ಈ ಸಂಬಂಧ ಕುದುರಿದ್ದೇ ಹೇಮಾವತಿಯ ಮೌನದ ಹೆಸರಿನಿಂದ!

ಮೂರು ವರ್ಷದ ಹಿಂದಿನ ಮಾತು. ಶ್ರಾವಣದ ಒಂದು ಸೋಮವಾರ ಮನೆ ತುಂಬ ಜನ. ಮಿಕ್ಸಿಯ ಸದ್ದು, ಪೂಜೆಯ ಗಂಟೆ, ಮಕ್ಕಳ ಕಿರುಚಾಟ, ಒಗ್ಗರಣೆಯ ಘಾಟು... ಎಲ್ಲವೂ ಒಟ್ಟಿಗೆ ತಲೆಗೆ ನುಗ್ಗಿ ಹೇಮಾವತಿಯ ಮಾತೇ ನಿಂತುಹೋಯಿತು. ಬಾಯಿ ತೆರೆದರೆ ದನಿಯಿಲ್ಲ. ಚಿಕ್ಕಂದಿನಿಂದಲೂ ಅವಳಿಗೆ ಹಾಗಾಗುವುದುಂಟು. ತವರು ಆಸ್ಪರಿಯಲ್ಲಿ ಅದನ್ನು ಹಟವೆಂದು ಕರೆದು ಬೆನ್ನಿಗೆ ಎರಡು ಬಾರಿಸುತ್ತಿದ್ದರು. ಅಂದು ಬಂದ ನೆಂಟರೊಬ್ಬರು "ಯಾಕ್ರಿ, ನಿಮ್ಮ ಸೊಸಿ ಮಾತಾಡಿಸಿದ್ರೂ ಮಾತಾಡವಲ್ಲಳು?" ಎಂದು ಕೇಳಿಯೇಬಿಟ್ಟರು. ಮಹಾಂತಮ್ಮ ಕಣ್ಣು ಮಿಟುಕಿಸುವಷ್ಟರಲ್ಲಿ, "ಸೋಮವಾರ ಆಕಿ ಮೌನ ಹಿಡದಾಳ್ರಿ, ಶಿವನ ವ್ರತ" ಎಂದಳು. ಮಾನ ಉಳಿಸಿಕೊಳ್ಳಲು ಆಡಿದ ಒಂದು ಸುಳ್ಳು, ಅಷ್ಟೇ. ಆದರೆ ಆ ಸುಳ್ಳಿಗೆ ವಿಭೂತಿ ಹಚ್ಚಿದ್ದೇ ತಡ, ಓಣಿಯ ಜನ ಕೈ ಮುಗಿದರು!

ಅಲ್ಲಿಂದ ಶುರುವಾಯಿತು ಹೇಮಾವತಿಯ ನರಕ. ಸೋಮವಾರ ಬಂದರೆ ಹೆಂಗಸರು ಬಂದು 'ಮೌನದಮ್ಮ' ಎಂದು ಅವಳ ಪಾದ ಹಿಡಿಯುತ್ತಿದ್ದರು. ಬೇರೆಯವರ ಬೆರಳು ತಾಕಿದರೆ ಮೈಯೆಲ್ಲ ಮುಳ್ಳೇಳುವ ಹೆಣ್ಣು ಅವಳು. ಹಲ್ಲು ಕಚ್ಚಿ ಕೂರುತ್ತಿದ್ದಳು. ಆಡಬೇಕೆನಿಸುವ ಮಾತು ನಾಲಿಗೆಯ ಮೇಲಿದ್ದರೂ ಸೋಮವಾರ ನುಂಗಿಕೊಳ್ಳಬೇಕು. ಗುರುವಾರ ಮಾತು ನಿಂತರೋ, "ಏನ ನಾಟಕ ಮಾಡ್ತೀಯೇನ? ಇವತ್ತೇನು ಸೋಮವಾರಾ?" ಎಂದು ಅತ್ತೆ ಹರಿಹಾಯುತ್ತಿದ್ದಳು. ದೇವರಾಗಿ ಕೂರಿಸಿದವರಿಗೆ ಅವಳು ಮನುಷ್ಯಳೆಂಬುದೇ ಮರೆತುಹೋಗಿತ್ತು.

ಹೋದ ಚಳಿಗಾಲದಲ್ಲಿ ತಲೆನೋವು ತಡೆಯಲಾರದೆ ಹೋದಾಗ ಗಂಡ ವಾಗೀಶ್ ಅವಳನ್ನು ಬಳ್ಳಾರಿಯ ಡಾಕ್ಟರಮ್ಮನ ಬಳಿ ಕರೆದೊಯ್ದಿದ್ದ. ಆಕೆ ಅವಸರಪಡಲಿಲ್ಲ. ಹಲವು ಸಲ ಕರೆಸಿಕೊಂಡು, ಚಿಕ್ಕಂದಿನದೆಲ್ಲ ಕೇಳಿ, ಕೊನೆಗೆ ಇದು ಆಟಿಸಂ ಎಂದರು. ರೋಗವಲ್ಲ, ಹಟವಲ್ಲ, ಗಾಳಿಯೂ ಅಲ್ಲ, ನಿಮ್ಮ ಮಿದುಳು ಹುಟ್ಟಿದ ರೀತಿಯೇ ಹಾಗೆ ಎಂದು ಬಿಡಿಸಿ ಹೇಳಿದರು. "ಹಂಗಾದ್ರ... ನಾ ಕೆಟ್ಟಾಕಿ ಅಲ್ಲಲ್ಲ?" ಎಂದು ಕೇಳಿ ಹೇಮಾವತಿ ಬಿಕ್ಕಿ ಬಿಕ್ಕಿ ಅತ್ತಿದ್ದಳು. ದುಃಖಕ್ಕಲ್ಲ, ಹಗುರಾದದ್ದಕ್ಕೆ. ವಾಪಸು ಬರುವ ದಾರಿಯಲ್ಲಿ ವಾಗೀಶ್ ಒಂದೇ ಮಾತು ಹೇಳಿದ: "ಅವ್ವಗ ಹೇಳಬ್ಯಾಡ. ಮೊದಲು ಲಕ್ಷ್ಮಿ ಲಗ್ನ ಆಗಲಿ." ಅವಳು ಒಪ್ಪಿಕೊಂಡಿದ್ದಳು. ಆ ಮನೆಯಲ್ಲಿ ಅವಳ ಮುಖ ನೋಡಿ ನಗುವವಳು ನಾದಿನಿಯೊಬ್ಬಳೇ. ಅವಳಿಗೆ ಕೇಡು ಬಗೆಯುವುದುಂಟೆ?

ಬೀಗರು ಬಂದರು. ಮುಂದೆ ಅವರೂರಿನ ಹಿರಿಯ ಅಯ್ಯನವರಾದ ರೇವಣಸಿದ್ದಯ್ಯನವರು, ಅವರ ಹಿಂದೆ ಗಂಡಿನ ತಾಯಿ ಉರುಕುಂದಮ್ಮ. ಆಕೆಯ ಕೈ ಹಿಡಿದು ಒಬ್ಬ ಹುಡುಗಿ, ಗಂಡಿನ ತಂಗಿ ಶ್ರಾವಣಿ. ಡಿಗ್ರಿ ಓದುವ ವಯಸ್ಸು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಕಣ್ಣನ್ನು ಗೋಡೆಯ ಮೇಲೆ ನೆಟ್ಟಿದ್ದಳು. ಅಡುಗೆಮನೆಯಲ್ಲಿ ಕೊಳಗವೊಂದು ಢಣಾರನೆ ಬಿತ್ತು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡಳು. ಉರುಕುಂದಮ್ಮ ಆ ಕೈಗಳನ್ನು ಚಟ್ಟನೆ ಬಡಿದು ಇಳಿಸಿ, ಎಲ್ಲರತ್ತ ನೋಡಿ ನಕ್ಕಳು.

ಹೇಮಾವತಿ ಅವಳನ್ನೇ ನೋಡಿದಳು. ಆ ಹುಡುಗಿ ಬೇರೆಯಲ್ಲ, ತಾನು ಬೇರೆಯಲ್ಲ!

ಮಹಾಲಕ್ಷ್ಮಿಯನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆ, ಕೊಬ್ಬರಿ, ಉತ್ತತ್ತಿ ಹಾಕಿ ಉಡಿ ತುಂಬಿದ್ದಾಯಿತು. ಬೆಳ್ಳಿ ಬಟ್ಟಲಿನಲ್ಲಿ ಸಕ್ಕರೆ ಬಂತು. ಮಹಾಂತಮ್ಮ ಚಿಟಿಕೆ ಸಕ್ಕರೆ ಎತ್ತಿಕೊಂಡಳು. ಅಷ್ಟರಲ್ಲಿ ಉರುಕುಂದಮ್ಮ ಕೈ ಅಡ್ಡ ಹಿಡಿದಳು.

"ಸ್ವಲ್ಪ ತಡೀರಿ ಬೀಗತಿ. ಸಕ್ರಿಗಿಂತ ಮುಂಚೆ ನಂದೊಂದು ಬೇಡಿಕಿ ಐತಿ."

ಮಹಾಂತಮ್ಮನ ಮುಖದ ಬಣ್ಣ ಹಾರಿತು. "ಏನು ಕೇಳ್ತೀರೋ ಕೇಳ್ರಿ... ಮಗಳಿಗಾಗಿ ಇಲ್ಲ ಅನ್ನಂಗಿಲ್ಲ."

"ನಿಮ್ಮ ಮಗಳ ಮಾತಲ್ಲ, ನನ್ನ ಮಗಳ ಮಾತು." ಉರುಕುಂದಮ್ಮ ಶ್ರಾವಣಿಯನ್ನು ಮುಂದಕ್ಕೆಳೆದಳು. "ನಮ್ಮ ಶ್ರಾವಣಿ ಮಂದ್ಯಾಗ ಮಾತಾಡಂಗಿಲ್ರಿ. ಸಪ್ಪಳ ಆದ್ರ ಕಿವಿ ಮುಚ್ಕೊಂತಾಳ. ಊರಾಗ ಎಲ್ಲರೂ 'ಪಿಚ್ಚಿ, ಪಿಚ್ಚಿ' ಅಂತ ಆಕಿನ್ನ ಹುಚ್ಚಿ ಮಾಡ್ಯಾರ... ಹೆತ್ತ ಹೊಟ್ಟಿ ಹೆಂಗ ಉರೀತೈತಿ ಗೊತ್ತೇನ್ರಿ? ನಿಮ್ಮ ಸೊಸಿ ಸುದ್ದಿ ಕೇಳಿದಾಗಿಂದ ನನಗೊಂದ ಆಸೆ. ಆಕಿ ಕೈಯಿಂದ ಇವಳಿಗೂ ಮೌನದ ವ್ರತ ಕೊಡಿಸ್ರಿ. ಪಿಚ್ಚಿ ಅನ್ನೋ ಬಾಯಿಗಳೇ ನಾಳೆ ತಾಯಿ ಅಂತಾವ!"

ಮಹಾಂತಮ್ಮನಿಗೆ ಹೋದ ಜೀವ ಬಂದಂತಾಯಿತು. "ಅಯ್ಯೋ, ಇಷ್ಟೇನಾ! ಅದಕ್ಕೇನ್ರಿ, ಈಗಲೇ ಕೊಡ್ತಾಳ. ಬಾ ಹೇಮಾ!"

"ನೀ ಬಾಯಿ ಬಿಡಬ್ಯಾಡವ್ವ" ಎಂದರು ರೇವಣಸಿದ್ದಯ್ಯನವರು, ವಿಭೂತಿಯ ಬಟ್ಟಲನ್ನು ಮುಂದೆ ಸರಿಸಿ. "ಹಣಿಗೆ ಒಂದು ಬೆರಳು ಹಚ್ಚು, ಸಾಕು."

ಒಂದು ಬೆರಳು ವಿಭೂತಿ! ಹಚ್ಚಿದರೆ ಎಲ್ಲರಿಗೂ ಸುಖ. ಅತ್ತೆಗೆ ಮಾನ, ನಾದಿನಿಗೆ ಮದುವೆ, ಆ ತಾಯಿಗೆ ನೆಮ್ಮದಿ. ಹೇಮಾವತಿ ಬೆರಳನ್ನು ಬೂದಿಯಲ್ಲಿ ಅದ್ದಿದಳು. ಬೆರಳು ಹತ್ತಿರ ಬರುತ್ತಿದ್ದಂತೆ ಶ್ರಾವಣಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಕತ್ತಿನ ನರಗಳು ಎದ್ದು ನಿಂತವು. ಹೊಡೆತಕ್ಕೆ ಕಾಯುವ ಮಗುವಿನ ಮುಖ ಅದು. ನಾಳೆಯಿಂದ ಇವಳ ಪಾದವನ್ನೂ ಊರೆಲ್ಲ ಹಿಡಿಯುತ್ತದೆ. ಇವಳೂ ಸೋಮವಾರ ಮಾತು ನುಂಗುತ್ತಾಳೆ, ಗುರುವಾರ ಬೈಗುಳ ನುಂಗುತ್ತಾಳೆ. ಹೀಗೇ ಮುದುಕಿಯಾಗುತ್ತಾಳೆ...

ಮಣೆಯ ಮೇಲಿಂದ ಮಹಾಲಕ್ಷ್ಮಿ ದಿಗಿಲಿನಿಂದ ಅವಳನ್ನೇ ನೋಡುತ್ತಿದ್ದಳು. ಹೇಮಾವತಿ ದನಿಗಾಗಿ ಒಳಗೊಳಗೇ ತಡಕಾಡಿದಳು. ಸಿಗಲಿಲ್ಲ. ಮತ್ತೆ ತಡಕಾಡಿದಳು. ಬೆರಳು ಗಾಳಿಯಲ್ಲೇ ನಿಂತಿತು.

"ನಾ... ನಾ ಹಚ್ಚಂಗಿಲ್ಲ."

ಮೌನದಮ್ಮ ಬಾಯಿ ಬಿಟ್ಟಿದ್ದಳು!

"ಹೇಮಾ!" ಮಹಾಂತಮ್ಮ ಚೀರಿದಳು.

"ಇದು ವ್ರತ ಅಲ್ರಿ." ಒಂದೊಂದು ಮಾತನ್ನೂ ಅವಳು ಬಾವಿಯಿಂದ ನೀರು ಸೇದಿದಂತೆ ಎಳೆದು ತರುತ್ತಿದ್ದಳು. ಕಣ್ಣು ನೆಲದ ಮೇಲಿತ್ತು. "ಎಂದೂ ವ್ರತ ಆಗಿರಲಿಲ್ಲ. ಸಪ್ಪಳ ಹೆಚ್ಚಾದ್ರ ನನ್ನ ಮಾತು ನಿಂದರ್ತೈತಿ. ಬಳ್ಳಾರಿ ಡಾಕ್ಟರಮ್ಮ ಅದಕ್ಕ ಆಟಿಸಂ ಅಂತಾರ. ನಾ ಹುಟ್ಟಿದ್ದೇ ಹಿಂಗ. ನಾ ದೇವರಲ್ಲ, ಪಿಚ್ಚೀನೂ ಅಲ್ಲ... ನಾ ಹೇಮಾವತಿ, ಅಷ್ಟ."

"ಅಂದ್ರ ನನ್ನ ಮಗಳಿಗೆ ರೋಗ ಐತಿ ಅಂತೀಯೇನು, ಇಷ್ಟು ಮಂದಿ ಮುಂದ?" ಉರುಕುಂದಮ್ಮ ಸೆಟೆದು ನಿಂತಳು.

"ನಿಮ್ಮ ಮಗಳು ಹೆಂಗದಾಳ ಅಂತ ನನಗ ಗೊತ್ತಿಲ್ರಿ. ಅದನ್ನ ಡಾಕ್ಟರು ನೋಡಿ ಹೇಳಬೇಕು. ಆದ್ರ ಈ ವ್ರತ ಬೇಕಾ ಅಂತ ಆಕಿನ್ನ ಒಮ್ಮಿಯಾದ್ರೂ ಕೇಳೀರೇನು? ನನ್ನ ಯಾರೂ ಕೇಳಲಿಲ್ಲ... ಮೂರು ವರ್ಷದಾಗ ಒಬ್ಬರೂ ಕೇಳಲಿಲ್ಲ!"

ಉರುಕುಂದಮ್ಮ ಮಗಳತ್ತ ತಿರುಗಿದಳು. ಶ್ರಾವಣಿ ಯಾರ ಮುಖವನ್ನೂ ನೋಡಲಿಲ್ಲ. ವಿಭೂತಿಯ ಬಟ್ಟಲನ್ನು ಎರಡೂ ಕೈಯಿಂದ ಮೆಲ್ಲಗೆ ದೂರ ತಳ್ಳಿ, "ಬ್ಯಾಡ" ಎಂದಳು. ಇಷ್ಟು ಜನರೆದುರು ಅವಳ ದನಿ ಕೇಳಿದ್ದು ತಾಯಿಗೂ ಅದೇ ಮೊದಲು.

"ಮಹಾಂತಮ್ಮ, ನಾ ಇದೇನು ಕೇಳಾಕತ್ತೀನಿ?" ರೇವಣಸಿದ್ದಯ್ಯನವರ ಮುಖ ಗಂಟಿಕ್ಕಿತು. "ಶಿವನ ಹೆಸರಿನಾಗ ಸುಳ್ಳು ಹೇಳೀರೇನು?"

ಮಹಾಂತಮ್ಮನ ಕೈಯಲ್ಲಿದ್ದ ಸಕ್ಕರೆ ಬೆವರಿಗೆ ಕರಗಿ ಅಂಟಾಗಿತ್ತು. ಮಗಳ ಬಾಳು ಕಣ್ಣೆದುರೇ ಜಾರಿಹೋಗುವಾಗ ತಾಯಿಯಾದವಳಿಗೆ ನ್ಯಾಯ ಕಾಣುವುದಿಲ್ಲ, ನೀತಿ ಕಾಣುವುದಿಲ್ಲ. ಅವಳು ಅಯ್ಯನವರ ಕಾಲಿಗೆ ಬಿದ್ದಳು.

"ಈಕಿಗೆ ತಲಿ ಕೆಟ್ಟೈತ್ರಿ ಅಯ್ಯನವರೇ! ಏನೇನೋ ಒದರ್ತಾಳ. ಇದರ ಸಲುವಾಗಿ ಸಂಬಂಧ ಮುರೀಬ್ಯಾಡ್ರಿ. ಈಗಿಂದೀಗ ಈಕಿನ್ನ ಆಸ್ಪರಿಗೆ ಕಳಿಸ್ತೀನಿ, ಮತ್ತ ಈ ಹೊಸ್ತಿಲ ತುಳಿಯಂಗಿಲ್ಲ! ವಾಗೀಶ, ಕಾರು ತೆಗಿ!"

ಎಲ್ಲರ ಕಣ್ಣೂ ವಾಗೀಶನ ಮೇಲೆ ಬಿತ್ತು. ಹತ್ತಿ ಮಂಡಿಯಲ್ಲಿ ಹರಾಜು ಕೂಗಿದರೆ ಬೀದಿಗೆಲ್ಲ ಕೇಳುವಂಥ ಗಂಟಲು ಅವನದು. ಡಾಕ್ಟರು ಹೇಳಿದ್ದನ್ನು ಕೂತು ಕೇಳಿದವನೂ ಅವನೇ. ಆ ಮಹಾರಾಯ ಮೊಳೆಗೆ ತೂಗುಹಾಕಿದ್ದ ಕಾರಿನ ಕೀಲಿಯನ್ನು ತೆಗೆದುಕೊಂಡು ತಲೆತಗ್ಗಿಸಿ ನಿಂತ! ಹೇಮಾವತಿ ಅವನನ್ನು ಒಮ್ಮೆ ನೋಡಿದಳು. ಬೇಡಲಿಲ್ಲ, ಅಳಲಿಲ್ಲ. "ನಡೀರಿ" ಎಂದಳು. "ಅಲ್ಲಿ ಹೊಡೆದ್ರೂ ನಾ ನಾನಾಗೇ ಇರ್ತೀನಿ."

"ಅತ್ತಿಗಿ, ನಿಂದರು!"

ಮಣೆಯಿಂದ ಮಹಾಲಕ್ಷ್ಮಿ ಎದ್ದಿದ್ದಳು. ಉಡಿಯ ಕೊಬ್ಬರಿ, ಉತ್ತತ್ತಿ ನೆಲದ ಮೇಲೆ ಉರುಳಿದವು. ಶಾಸ್ತ್ರದ ನಡುವೆ ಹೆಣ್ಣು ಮಣೆ ಬಿಟ್ಟೇಳುವುದೆಂದರೆ! ಮುದುಕಿಯೊಬ್ಬಳು "ಶಿವಶಿವಾ" ಎಂದು ಬಾಯಿಯ ಮೇಲೆ ಕೈಯಿಟ್ಟಳು.

"ಅವ್ವ, ನನಗ ಆ ಹುಡುಗ ಮನಸ್ಸಿಗೆ ಬಂದಾನ. ಸುಳ್ಳು ಹೇಳಂಗಿಲ್ಲ." ಮಹಾಲಕ್ಷ್ಮಿಯ ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ಆದ್ರ ಅತ್ತಿಗಿನ್ನ ಹೊರಗ ಹಾಕಿ ನನ್ನ ಲಗ್ನ ಮಾಡೋದಾದ್ರ ನನಗ ಲಗ್ನಾನೇ ಬ್ಯಾಡ. ನಮ್ಮಣ್ಣ ಕೀಲಿ ಹಿಡಕೊಂಡು ನಿಂತಾನ... ನಾಳೆ ನನ್ನ ಗಂಡನೂ ಹಿಂಗ ನಿಂತ್ರ ನಾ ಏನು ಮಾಡ್ಲಿ? ಆ ಬಾಳು ನನಗ ಬ್ಯಾಡವ್ವ!"

ವಾಗೀಶನ ಕೈಯಿಂದ ಕೀಲಿ ಕಳಚಿ ಬಿತ್ತು. ಅವನು ಬಾಗಿ ಎತ್ತಲಿಲ್ಲ. "ಡಾಕ್ಟರು ಹೇಳಿದ್ದು ಖರೇ ಐತಿ ಅವ್ವ" ಎಂದ, ಯಾರಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ. "ನಾನ ಮುಚ್ಚಿಟ್ಟೆ."

ಉರುಕುಂದಮ್ಮ ಎಲ್ಲವನ್ನೂ ನೋಡುತ್ತಾ ನಿಂತಿದ್ದಳು. ಅವಳ ಕಣ್ಣು ಹೇಮಾವತಿಯ ಮೇಲಿತ್ತು, ಆದರೆ ಕಾಣುತ್ತಿದ್ದುದು ಬೇರೆ. ಯಾವುದೋ ಊರಿನ ಯಾವುದೋ ಪಡಸಾಲೆಯಲ್ಲಿ ತನ್ನ ಶ್ರಾವಣಿ ಹೀಗೇ ನಿಂತಿದ್ದಳು. ಯಾವಳೋ ಅತ್ತೆ ಕಾರು ತೆಗೆಯೆಂದು ಕೂಗುತ್ತಿದ್ದಳು. ಆ ತಾಯಿಯ ಸೆಟೆದ ಭುಜಗಳು ಇಳಿದವು. ಮೆಲ್ಲಗೆ ಚಾಪೆಯ ಮೇಲೆ ಕುಸಿದು ಕೂತಳು.

"ಮಹಾಂತಮ್ಮಾರೆ" ಎಂದಳು. "ನೀವು ಸುಳ್ಳು ಹೇಳೀರಿ. ನಾನೂ ಅದೇ ಸುಳ್ಳನ್ನ ನನ್ನ ಮಗಳಿಗೆ ಬೇಡಾಕ ಬಂದಿದ್ದೆ. ನಿಮ್ಮನ್ನ ಬೈಯಾಕ ನನಗ ಬಾಯಿಲ್ಲ. ಆದ್ರ ಒಂದು ಮಾತು ಕೇಳ್ರಿ. ಸೊಸೀನ್ನ ತವರಿಗೆ ಕಳಿಸಿದ್ರ ಈ ಮನಿ ಸಕ್ರಿ ನನಗ ಬ್ಯಾಡ. ಇಟ್ಕೊಂತೀರಿ ಅಂದ್ರ... ಹಾಕ್ರಿ ಬಾಯಾಗ."

ಮಹಾಂತಮ್ಮ ಅಂಟಿಹೋಗಿದ್ದ ಆ ಸಕ್ಕರೆಯನ್ನೇ ಬೀಗತಿಯ ಬಾಯಿಗೆ ಹಾಕಿದಳು. ಉರುಕುಂದಮ್ಮನೂ ಬಟ್ಟಲಿನಿಂದ ಚಿಟಿಕೆ ಎತ್ತಿ ಅವಳ ಬಾಯಿಗೆ ಹಾಕಿದಳು.

ಮರುಕ್ಷಣವೇ ಮನೆ ಗಿಜಿಗುಟ್ಟತೊಡಗಿತು. ಅಳು, ನಗು, ಎಲೆ ಹಾಕುವ ಗದ್ದಲ. ಹೇಮಾವತಿಯ ತಲೆ ಸಿಡಿಯತೊಡಗಿತು. "ನನಗ ಸಪ್ಪಳ ತಡಿಯಾಕಾಗವಲ್ದು. ನಾ ಒಳಗ ಹೋಗ್ತೀನಿ" ಎಂದಳು ಎಲ್ಲರೆದುರಿಗೇ. ಯಾರ ಒಪ್ಪಿಗೆಗೂ ಕಾಯದೆ ಕೋಣೆಗೆ ಹೋಗಿ, ಆ ಜರಿ ಸೀರೆಯನ್ನು ಬಿಚ್ಚಿ ಮೂಲೆಗೆಸೆದು, ಹಳೆಯ ನೈಟಿ ತೊಟ್ಟು ಗೋಡೆಗೊರಗಿ ಕೂತಳು. ಸ್ವಲ್ಪ ಹೊತ್ತಿಗೆ ಶ್ರಾವಣಿ ಬಂದಳು. ಎದುರಿನ ಗೋಡೆಗೆ ಬೆನ್ನು ಕೊಟ್ಟು ಕೂತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವಳ ಕೈ ಹಿಡಿದು ನಿಲ್ಲಿಸುವವರು ಅಲ್ಲಿ ಯಾರೂ ಇರಲಿಲ್ಲ.

ಬಾಗಿಲು ಅರ್ಧ ತೆರೆಯಿತು. ಮಹಾಂತಮ್ಮ. ಕಣ್ಣುಗಳು ಕೆಂಪಾಗಿದ್ದವು, ಮುಖ ಇನ್ನೂ ಬಿಗಿದೇ ಇತ್ತು. "ನಾಳಿಂದ ಓಣ್ಯಾಗ ತಲಿ ಎತ್ತಿ ತಿರುಗದಂಗ ಮಾಡಿದಿ" ಎಂದಳು. ಹೇಮಾವತಿ ಕ್ಷಮೆ ಕೇಳಲಿಲ್ಲ. ಅತ್ತೆ ಹೊಸ್ತಿಲ ಮೇಲೆ ನಿಂತೇ ಇದ್ದಳು. ಒಳಗೆ ಬರಲಿಲ್ಲ, ಸೊಸೆಯನ್ನು ಮುಟ್ಟಲೂ ಇಲ್ಲ. ಕೊನೆಗೆ ಸೆರಗಿನಿಂದ ಮೂಗೊರೆಸಿಕೊಂಡು, ಎಂದೂ ಕೇಳದವಳು ಕೇಳಿದಳು:

"ಊಟಕ್ಕ ಹೊರಗ ಬರ್ತೀಯೋ, ಇಲ್ಲಿಗೇ ತರ್ಲೋ?"

"ಇಲ್ಲಿಗೇ, ಅತ್ತಿ" ಎಂದಳು ಹೇಮಾವತಿ. ಎದುರು ಕೂತ ಹುಡುಗಿಯನ್ನು ಒಮ್ಮೆ ನೋಡಿದಳು. "ಇಬ್ಬರಿಗೂ."