ಎರಡು ಬಾಟಲಿ

ಲ್ಯಾಬಿನವಳಿಗೆ ಮೂಗಿನ ತುದಿಯಲ್ಲೇ ಕೋಪ. ಆಪರೇಷನ್ ಥಿಯೇಟರಿನಿಂದ ಬಂದ ಬಾಟಲಿಯ ಮುಚ್ಚಳ ತೆಗೆದಳೋ ಇಲ್ಲವೋ, ಫಾರ್ಮಲಿನ್ ವಾಸನೆ ರಪ್ಪೆಂದು ಮುಖಕ್ಕೆ ಹೊಡೆಯಿತು. ಸೀದಾ ಮೂಳೆ ಡಾಕ್ಟರ ಕೋಣೆಗೆ ನುಗ್ಗಿದಳು.

"ಡಾಕ್ಟ್ರೇ, ಮಗು ಬೆನ್ನುಮೂಳೆ ಚೂರನ್ನ ಉಪ್ಪಿನಕಾಯಿ ಹಾಕಿ ಕಳಿಸಿದ್ದೀರಲ್ಲ! ಎರಡು ಚೂರಲ್ಲಿ ಒಂದು ಬೇರೆ ಬಾಟಲಿಯಲ್ಲಿ, ಬರೀ ಸಲೈನ್ ಉಪ್ಪುನೀರಲ್ಲಿ ಇರಬೇಕಿತ್ತು. ಇದರಲ್ಲಿ ಕ್ರಿಮಿ ಸತ್ತೇ ಹೋಗಿರುತ್ತೆ. ಅದನ್ನ ಬೆಳೆಸದೆ, ಯಾವ ಔಷಧಿಗೆ ಬಗ್ಗುತ್ತೆ ಅಂತ ನಾನು ಹೇಗೆ ಹೇಳಲಿ?"

ಅವನ ಮುಖ ಸಪ್ಪಗಾಯಿತು. "ಎರಡೂ ಒಂದಕ್ಕೇ ಹಾಕ್ಬಿಟ್ನಾ? ಅಯ್ಯೋ!"

ಮಗುವಿಗೆ ಆರು ವರ್ಷ. ವಾರ್ಡಿನವರೆಲ್ಲ ಅವಳನ್ನು ಮಾತಿನಮಲ್ಲಿ ಎನ್ನುತ್ತಿದ್ದರು. ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೂಳೆ ಕ್ಷಯವೆಂದು ಖಚಿತವಾಯಿತು.

"ಮಾಮೂಲಿ ಮಾತ್ರೆ ಶುರು ಮಾಡ್ತೀನಿ," ಎಂದ ಅವನು. "ಪಾಪ, ಆ ಪುಟ್ಟಿಗೆ ಇನ್ನೊಂದು ಸಲ ಚುಚ್ಚೋಕೆ ಕೈ ಬರಲ್ಲ."

ಬೇಡ, ಮತ್ತೆ ಚೂರು ತೆಗೆಯಲೇಬೇಕು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನು ತಪ್ಪು ಮಾಡಿದ ಹುಡುಗನ ಹಾಗೆ ಓರೆಗಣ್ಣಿನಲ್ಲಿ ನೋಡಿ ನಕ್ಕ. ಅವಳ ಕೋಪ ಕರಗಿಹೋಯಿತು, ಮಾತೂ ಗಂಟಲಲ್ಲೇ ಉಳಿಯಿತು.

ಆಮೇಲೆ ದಿನವೂ ಲ್ಯಾಬಿನ ಬಾಗಿಲಲ್ಲಿ ಎರಡು ಲೋಟ ಚಹಾ. "ಇವತ್ತು ಬೈಯಲ್ವಾ?" ಎಂದು ಅವನು ಕೆಣಕುವುದು, "ಬೈಸಿಕೊಳ್ಳೋಕೇ ಬರ್ತೀರಾ?" ಎಂದು ಅವಳು ಮುಖ ತಿರುಗಿಸಿ ನಗುವುದು. ಎರಡು ತಿಂಗಳು ಅವಳ ಕಾಲು ನೆಲದ ಮೇಲಿರಲಿಲ್ಲ.

ಒಂದು ಬೆಳಿಗ್ಗೆ ಮಾತಿನಮಲ್ಲಿಯ ಕಾಲುಗಳು ಅಲುಗಾಡಲಿಲ್ಲ.

ಮತ್ತೆ ಚೂರು ತೆಗೆದರು. ಈ ಸಲ ಎರಡು ಬಾಟಲಿ ಬಂದವು. ರಿಪೋರ್ಟ್ ಅವಳ ಕೈಯಿಂದಲೇ ಹೊರಬಿತ್ತು: ಕೊಟ್ಟ ಮಾತ್ರೆಗಳಲ್ಲಿ ಮುಖ್ಯವಾದ ಎರಡಕ್ಕೂ ಆ ಕ್ರಿಮಿ ಜಗ್ಗುವಂಥದ್ದಲ್ಲ. ಅವನು ಕೂತಲ್ಲೇ ಅದನ್ನು ಎರಡು ಸಲ ಓದಿದ.

"ಮೊಂಡು ಕ್ರಿಮಿ ಅಂತ ತಾಯಿಗೆ ಹೇಳೋಣ. ಸುಳ್ಳೇನಲ್ಲವಲ್ಲ..."

"ಪೂರ್ತಿ ನಿಜವೂ ಅಲ್ಲ. ಏಳಿ, ಹೋಗಿ ಹೇಳೋಣ. ಅವತ್ತು ನಿಮ್ಮ ಮುಖ ನೋಡಿ ಬಾಯಿ ಮುಚ್ಚಿಕೊಂಡವಳು ನಾನು. ಇದರಲ್ಲಿ ನನಗೂ ಪಾಲಿದೆ."

ತಾಯಿ ಮಗಳ ತಲೆ ಬಾಚುತ್ತಿದ್ದಳು. ಬಾಟಲಿಯ ಕಥೆಯನ್ನೆಲ್ಲ ಕೇಳಿದಳು. ಮಾತಿನಮಲ್ಲಿ ಗೋಡೆ ನೋಡುತ್ತಿದ್ದಳು.

"ನನ್ನ ಮಗಳು ನಡೀತಾಳಾ?"

"ಹೊಸ ಔಷಧಿ ಶುರು ಮಾಡ್ತಿದ್ದೀವಿ. ನಡೀತಾಳೋ ಇಲ್ವೋ ಗೊತ್ತಿಲ್ಲಮ್ಮ," ಎಂದ ಅವನು.

"ಹಾಗಾದ್ರೆ ಗೊತ್ತಾಗೋವರೆಗೂ ನೀವಿಬ್ರೂ ದಿನಾ ನನ್ನ ಕಣ್ಣಿಗೆ ಬೀಳ್ತಿರಬೇಕು. ತಪ್ಪಿಸಿಕೊಂಡು ಓಡಾಡಬೇಡಿ." ತಾಯಿ ಮತ್ತೆ ಬಾಚಣಿಗೆ ಎತ್ತಿಕೊಂಡಳು.

ವರಾಂಡದಲ್ಲಿ ಅವನು ಗೋಡೆಗೆ ಒರಗಿ ನಿಂತ. "ಈ ವಾರ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಿದ್ದೆ."

ಯಾವ ಮಾತೆಂದು ಅವಳಿಗೆ ಗೊತ್ತಿತ್ತು. ಅದಕ್ಕಾಗಿ ಎರಡು ತಿಂಗಳಿಂದ ಜೀವ ಹಿಡಿದು ಕಾದಿದ್ದಳು.

"ಇವತ್ತು ಬೇಡ. ಅವಳು ಎದ್ದು ನಿಂತ ದಿನ ಕೇಳಿ."

"ನಿಲ್ಲದೇ ಹೋದ್ರೆ?"

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ಆಗಲೂ ಕೇಳಿ," ಎಂದಳು.