ಮೂರನೆಯ ಧೂಳುಕಂಬ

ಸೂರ್ಯನಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲವದು. ಆಗ ಆಕಾಶದ ನಟ್ಟನಡುವೆ ನೀಹಾರಪುರ ಎಂಬ ರಾಜ್ಯವಿತ್ತು. ಕಾಲ ಕೆಳಗೆ ಮಣ್ಣಿಲ್ಲ, ತಲೆಯ ಮೇಲೆ ಸೂರಿಲ್ಲ. ಎತ್ತ ನೋಡಿದರೂ ಮಂಜು, ಧೂಳು. ರಾಜಧಾನಿಯ ಪಕ್ಕದಲ್ಲಿ ಧೂಳಿನ ಮೂರು ಮಹಾಕಂಬಗಳು ನಿಂತಿದ್ದವು. ನಮ್ಮ ಲೋಕದ ಹಕ್ಕಿ ಬುಡದಿಂದ ಹಾರಲು ಹೊರಟರೆ ಅದರ ಮೊಮ್ಮಕ್ಕಳ ಕಾಲಕ್ಕೂ ತುದಿ ಸಿಕ್ಕುತ್ತಿರಲಿಲ್ಲ. ಅಲ್ಲಿಯ ಒಂದು ದಿನವೆಂದರೆ ನಮಗೆ ಸಾವಿರ ವರ್ಷ.

ಆ ನಾಡಿಗೆ ಸ್ವಂತ ಬೆಳಕಿರಲಿಲ್ಲ. ದೂರದ ಬೆಟ್ಟದ ಮೇಲೆ ಉಗ್ರಕೇತ ಎಂಬ ಮಾಂತ್ರಿಕನಿದ್ದ. ಅವನ ಮೈಯೆಲ್ಲ ನೀಲಿ ಬೆಂಕಿ. ನಾಡಿಗೆಲ್ಲ ಅವನೊಬ್ಬನೇ ಬೆಳಕು, ಒಲೆ ದೀವಟಿಗೆಗಳಿಗೂ ಅವನ ಕಿಡಿಯೇ. ಅದಕ್ಕೆ ಬದಲಾಗಿ ಪ್ರತಿವರ್ಷ ಒಬ್ಬರು ಬೆಟ್ಟ ಹತ್ತಿ ಅವನ ಸೇವೆಗೆ ನಿಲ್ಲಬೇಕು. ಹೋದವರು ವರ್ಷ ಕಳೆದ ಮೇಲೆ ತಿರುಗಿ ಬರುತ್ತಿದ್ದರು, ಕಣ್ಣು ಕಳೆದುಕೊಂಡು. ಅಷ್ಟು ಹತ್ತಿರದಿಂದ ಆ ಬೆಳಕನ್ನು ತಾಳುವ ಕಣ್ಣು ಯಾರಿಗೂ ಇರಲಿಲ್ಲ.

ಪ್ರತಿಯೊಂದು ಕಂಬದೊಳಗೂ ನಕ್ಷತ್ರವೊಂದು ಹುಟ್ಟಲು ಕಾದಿದೆ, ಅದು ಹುಟ್ಟಿದರೆ ಉಗ್ರಕೇತನ ಹಂಗಿಲ್ಲ ಎಂದು ಮುದುಕಿಯರು ಹೇಳುತ್ತಿದ್ದರು. ರಾಜ ಧೀರಸೇನ ಒಳ್ಳೆಯವನು, ಆದರೆ ಅವಸರದವನು. ನಕ್ಷತ್ರವೆಂದರೆ ಬೆಂಕಿಯಲ್ಲವೇ, ಬೆಂಕಿಗೆ ಬೆಂಕಿಯೇ ಬೇಕು ಎಂದುಕೊಂಡು ಮೊದಲ ಕಂಬದ ಸುತ್ತ ಸಾವಿರ ಬೆಂಕಿಕೊಂಡ ಹಾಕಿಸಿದ. ಧೂಳು ಕಾಯಿತು, ಉಬ್ಬಿತು, ಹರಡಿ ಹೋಯಿತು. ನೂರು ದಿನದಲ್ಲಿ ಕಂಬವೇ ಇಲ್ಲ. ಎರಡನೆಯ ಕಂಬದೊಳಗೆ ಏನಿದೆಯೆಂದು ನೋಡಲು ಸೈನಿಕರಿಂದ ಅಗೆಸಿದ. ಒಳಗೆ ಆಗಷ್ಟೇ ಗಟ್ಟಿಯಾಗುತ್ತಿದ್ದ ಕಪ್ಪು ಗಂಟೊಂದು ಸಿಕ್ಕಿತು. ಉಗ್ರಕೇತನ ಬೆಳಕು ಅದಕ್ಕೆ ತಾಗಿದ್ದೇ ತಡ, ಗಂಟೂ ಕಂಬವೂ ಹೊಗೆಯಾಗಿ ಹೋದವು. ರಾಜ ಮೂರು ದಿನ ಊಟ ಮಾಡಲಿಲ್ಲ.

ಮೂರನೆಯ ಕಂಬದ ನೆರಳಿನಲ್ಲಿ ಮೋಡದ ಹಸುಗಳನ್ನು ಸಾಕಿಕೊಂಡು ಮಾಳವ್ವ ಎಂಬ ಹೆಣ್ಣುಮಗಳು ತನ್ನ ತಂದೆ ಜವರಯ್ಯನ ಜೊತೆ ಬಾಳುತ್ತಿದ್ದಳು. ಜವರಯ್ಯ ಪ್ರಾಯದಲ್ಲಿ ಬೆಟ್ಟಕ್ಕೆ ಹೋಗಿ ಕಣ್ಣು ಕಳೆದುಕೊಂಡು ಬಂದವನು. ಮುಂದಿನ ವರ್ಷದ ಸರದಿ ಮಾಳವ್ವನದೆಂದು ಓಲೆ ಬಂತು. ಅವಳು ಓಲೆ ಹಿಡಿದುಕೊಂಡು ನೇರವಾಗಿ ಅರಮನೆಗೆ ಹೋದಳು. ಕಂಬವನ್ನು ತನಗೆ ಬಿಟ್ಟುಕೊಡಬೇಕೆಂದು ಕೇಳಿದಳು. ಆಸ್ಥಾನದವರು ನಕ್ಕರು. ರಾಜ ನಗಲಿಲ್ಲ, ಅವಳಿಗೆ ಏನು ಗೊತ್ತೆಂದು ಕೇಳಿದ.

"ಬೆಣ್ಣೆ ತೆಗೆಯುವುದು ಗೊತ್ತು, ಬುದ್ಧಿ. ಮೊಸರು ಬೆಚ್ಚಗಿದ್ದರೆ ಎಷ್ಟು ಕಡೆದರೂ ಬೆಣ್ಣೆ ಕೂಡುವುದಿಲ್ಲ. ಒಂದು ತಂಬಿಗೆ ತಣ್ಣೀರು ಹುಯ್ದರೆ ತಾನಾಗಿ ಉಂಡೆ ಕಟ್ಟುತ್ತದೆ. ನೀವು ಧೂಳಿಗೆ ಬಿಸಿ ಕೊಟ್ಟಿರಿ. ಅದಕ್ಕೆ ಬೇಕಾದದ್ದು ತಂಪು, ಕತ್ತಲೆ."

"ಹಾಗಾದರೆ ನಾನೇನು ಮಾಡಲಿ?"

"ಕಂಬದ ಸುತ್ತಲಿನ ದೀವಟಿಗೆಗಳನ್ನು ದೂರ ಒಯ್ಯಿಸಿ. ಆಮೇಲೆ ಏನೂ ಮಾಡಬೇಡಿ."

ರಾಜನಿಗೆ ಅದಕ್ಕಿಂತ ಕಷ್ಟದ ಕೆಲಸವನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಆದರೂ ಒಪ್ಪಿದ.

ಮಾಳವ್ವ ಕಂಬದೊಳಕ್ಕೆ ಹೊರಟಳು. ಒಳಗೆ ಗಾಢ ಕತ್ತಲೆಯಾದ್ದರಿಂದ ಜವರಯ್ಯನೇ ಮುಂದಾಗಿ ದಾರಿ ತೋರಿಸಿದ. ಹಲ್ಲು ಕಟಕಟ ಎನ್ನುವ ಚಳಿ. ಬಹಳ ದಿನ ನಡೆದ ಮೇಲೆ ಮುದುಕ ಒಂದು ಕಡೆ ನಿಂತು ಅಂಗೈ ಚಾಚಿದ. ಧೂಳು ಬೆರಳುಗಳ ಸಂದಿನಿಂದ ಮೆಲ್ಲಗೆ ಒಂದೇ ದಿಕ್ಕಿಗೆ ಜಾರುತ್ತಿತ್ತು.

ಅಪ್ಪ ಮಗಳು ಅಲ್ಲೇ ಕುಳಿತರು. ಕಣ ಕಣದ ಹತ್ತಿರ ಬಂತು. ಒಟ್ಟುಗೂಡಿದಷ್ಟೂ ಅದರ ಸೆಳೆತ ಹೆಚ್ಚಿತು, ಸೆಳೆತ ಹೆಚ್ಚಿದಷ್ಟೂ ಇನ್ನಷ್ಟು ಧೂಳು ಬಂತು. ಗಂಟು ಬಿಗಿಯಾಗುತ್ತ ಬುಗುರಿಯಂತೆ ತಿರುಗತೊಡಗಿತು. ಎಷ್ಟೋ ದಿನಗಳಾದ ಮೇಲೆ ಅದರ ಹೊಟ್ಟೆಯೊಳಗೆ ತುಸುವೇ ತುಸು ಬಿಸಿ ಹುಟ್ಟಿತು. ಮಾಳವ್ವನ ಕೈ ಮೂರು ಸಲ ಅದನ್ನು ಮುಟ್ಟಲು ಹೋಯಿತು, ಒಂದಿಷ್ಟು ಧೂಳು ತಳ್ಳಿದರೆ ಬೇಗ ಆದೀತೇನೋ ಎಂದು. ಮೂರು ಸಲವೂ ಅಪ್ಪ ಬೇಡವೆಂದ.

ಅಷ್ಟರಲ್ಲಿ ಉಗ್ರಕೇತನಿಗೆ ಸುದ್ದಿ ಮುಟ್ಟಿತು. ಇನ್ನೊಂದು ಬೆಳಕು ಬಂದರೆ ತನ್ನನ್ನು ಯಾರು ಕೇಳುತ್ತಾರೆಂದು ಅವನು ಬೆಟ್ಟದ ತುದಿಗೆ ಬಂದು ನಿಂತು ತನ್ನ ಬೆಂಕಿಯನ್ನೆಲ್ಲ ಮೂರನೆಯ ಕಂಬದ ಮೇಲೆ ತಿರುಗಿಸಿದ. ಕಂಬದ ಹೊರಮೈ ಪದರಪದರವಾಗಿ ಕಿತ್ತು ಆವಿಯಾಗಿ ಹಾರಿತು. ಒಳಗಿನವರೆಗೂ ಅದರ ಮೊರೆತ ಕೇಳಿಸಿತು. ಮಾಳವ್ವ ಎದ್ದಳು. ತಾನು ಈಗಲೇ ಬೆಟ್ಟಕ್ಕೆ ಹೋಗಿ ಅವನ ಕಾಲು ಹಿಡಿಯುತ್ತೇನೆ, ತನ್ನ ಕಣ್ಣು ಹೋದರೂ ಇದೊಂದು ಕಂಬ ಉಳಿಯಲಿ ಎಂದಳು. ಜವರಯ್ಯ ಅವಳ ಸೆರಗು ಹಿಡಿದು ಕೂರಿಸಿದ.

"ಸುಡಲಿ ಬಿಡು, ತಾಯಿ. ಹೊರಗಿನಿಂದ ಅವನು ಒತ್ತಿದಷ್ಟೂ ಒಳಗಿನದು ಬಿಗಿಯುತ್ತಿದೆ. ನನ್ನ ಕೈಗೆ ಗೊತ್ತಾಗುತ್ತಿದೆ. ಅವನಿಗೆ ಗೊತ್ತಿಲ್ಲ."

ಅವಳು ಕುಳಿತಳು. ಭಯದಿಂದ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು. ಹೊರಗೆ ಕಂಬ ತೆಳ್ಳಗಾಗುತ್ತ ಬಂತು, ಒಳಗೆ ಗಂಟು ಕಾಯುತ್ತ ಬಂತು. ಒಮ್ಮೆ ಅದು ಉಸಿರು ಬಿಟ್ಟಿತು. ಮೇಲಕ್ಕೊಂದು, ಕೆಳಕ್ಕೊಂದು, ಎರಡು ಉದ್ದನೆಯ ಧಾರೆಗಳು ಧೂಳನ್ನು ಸೀಳಿಕೊಂಡು ಹೊರಟವು. ಅದಾದ ಮೇಲೆ ನಡುವೆ ಬೆಳಕು ಹತ್ತಿಕೊಂಡಿತು.

ಜವರಯ್ಯ ಮುಖಕ್ಕೆ ತಾಗಿದ ಬಿಸಿಯತ್ತ ತಿರುಗಿ, ಯಾವ ಬಣ್ಣವೆಂದು ಕೇಳಿದ.

"ಕೆಂಪು, ಅಪ್ಪಾ. ಆಗಷ್ಟೇ ಹುಟ್ಟಿದ ಕೂಸಿನ ಹಾಗೆ."

"ಕಣ್ಣು ಉರಿಯುತ್ತದೆಯೇ?"

"ಇಲ್ಲ. ನೋಡುತ್ತಲೇ ಇರಬಹುದು."

ಮುದುಕ ಬಹಳ ಹೊತ್ತು ಅಳುತ್ತಿದ್ದ.

ಅದೊಂದೇ ಅಲ್ಲ, ಕಂಬದ ಉದ್ದಕ್ಕೂ ಹತ್ತಾರು ನಕ್ಷತ್ರಗಳು ಕಣ್ಣು ಬಿಟ್ಟವು. ಉಗ್ರಕೇತ ಇನ್ನೂ ಜೋರಾಗಿ ಉರಿದ. ದೊಡ್ಡ ಬೆಂಕಿಗೆ ಆಯುಸ್ಸು ಕಡಿಮೆ. ಲಕ್ಷ ದಿನಕ್ಕೆ ಆಗುವಷ್ಟಿದ್ದ ಬಲವನ್ನು ಅವನು ಅದೊಂದೇ ಹಟಕ್ಕೆ ಸುರಿದುಬಿಟ್ಟಿದ್ದ. ಒಳಗೆ ಬರಿದಾಗಿ ಕುಸಿದ, ಕುಸಿದವನು ಸಿಡಿದು ಚೂರಾದ.

ಮೂರನೆಯ ಕಂಬವೂ ಉಳಿಯಲಿಲ್ಲ. ಅದರಲ್ಲಿ ಮಿಕ್ಕಿದ್ದ ಧೂಳನ್ನು ಹೊಸ ನಕ್ಷತ್ರಗಳ ಬೆಳಕೇ ಊದಿ ಚದುರಿಸಿತು. ಹಸುಗಳಿಗೆ ನೆರಳು ಹೋಯಿತೆಂದು ಮಾಳವ್ವ ಒಂದು ದಿನ ದುಃಖಪಟ್ಟಳು. ಮರುದಿನ ಬೇರೆ ಮೇವಿನ ಜಾಗ ಹುಡುಕಿಕೊಂಡಳು.

ಉಗ್ರಕೇತನ ಬೂದಿ ಬೆಟ್ಟದ ಮೇಲೆಲ್ಲ ತೇಲುತ್ತಿತ್ತು. ಕಣ್ಣು ಕಳೆದುಕೊಂಡವರೂ ಅವರ ಮನೆಯವರೂ ಅದನ್ನು ಗುಡಿಸಿ ಗಡಿಯಾಚೆ ಎಸೆಯಬೇಕೆಂದು ಪೊರಕೆ ಹಿಡಿದು ಹೊರಟರು. ರಾಜನೂ ಹೂಂ ಎಂದಿದ್ದ. ಮಾಳವ್ವ ದಾರಿಗೆ ಅಡ್ಡ ನಿಂತಳು.

"ಅವನ ಕೋಪ ಅವನ ಜೊತೆ ಹೋಯಿತು. ಇದು ಬರೀ ಧೂಳು. ಇದ್ದಲ್ಲೇ ತಣ್ಣಗಾಗಲಿ ಬಿಡಿ."

ಜನ ನಿಂತರು. ಪೊರಕೆಯನ್ನು ಮೊದಲು ಕೆಳಗಿಟ್ಟವನು ಜವರಯ್ಯ ಹೋದ ಮರುವರ್ಷ ಬೆಟ್ಟಕ್ಕೆ ಹೋಗಿ ಬಂದಿದ್ದ ಒಬ್ಬ ಕುರುಡ. ಆಮೇಲೆ ಉಳಿದವರೂ ಇಟ್ಟರು.

ಅಂದಿನಿಂದ ನೀಹಾರಪುರದಲ್ಲಿ ಯಾರೂ ಬೆಳಕಿಗಾಗಿ ಯಾರ ಸೇವೆಗೂ ನಿಲ್ಲಲಿಲ್ಲ. ರಾಜ, ಪ್ರಜೆ, ಹಸುಗಳು, ಎಲ್ಲರೂ ನೆಮ್ಮದಿಯಿಂದ ಬಾಳಿದರು. ಬೆಟ್ಟದ ಮೇಲಿನ ಆ ಬೂದಿ ಇಂದಿಗೂ ತಣ್ಣಗಾಗುತ್ತಿದೆ, ಒಂದೊಂದೇ ಕಣವಾಗಿ ಹತ್ತಿರ ಬರುತ್ತಿದೆ.